ಕಳೆಯಲಾಗದ್ದನ್ನು ಕಳೆಯುವ ಗಣಿತ

ಕೂಡಿಸಲು ಬರುವ, ಆದರೆ ಕಳೆಯಲು ಬಾರದ ವಸ್ತುಗಳು ಗಣಿತದಲ್ಲಿ ಬೇಕಾದಷ್ಟಿವೆ. ಒಂದು ಮೇಲ್ಮೈಯ ಪ್ರತಿ ಬಿಂದುವಿಗೂ ಒಂದೊಂದು ಸಮತಲವನ್ನು ಜೋಡಿಸಿದ ರಚನೆ, ಸ್ಫಟಿಕದೊಳಗೆ ಎಲೆಕ್ಟ್ರಾನುಗಳು ತುಂಬಿಕೊಂಡ ಶಕ್ತಿಪಟ್ಟಿ ಮುಂತಾದವನ್ನು ಒಂದರ ಜತೆ ಇನ್ನೊಂದನ್ನಿಟ್ಟು ಸೇರಿಸಬಹುದು. ಒಂದರಿಂದ ಇನ್ನೊಂದನ್ನು ಕಳೆ ಎಂದರೆ ಮಾತ್ರ ಆ ಮಾತಿಗೆ ಅರ್ಥವೇ ಇರುವುದಿಲ್ಲ. ಇಂಥ ವಸ್ತುಗಳಿಗೂ ವ್ಯವಕಲನವನ್ನು ಒದಗಿಸಿಕೊಟ್ಟು, ಆ ಲೆಕ್ಕದ ಕೊನೆಗೆ ಏನು ಉಳಿಯುತ್ತದೆ ಎಂದು ನೋಡುವ ಶಾಸ್ತ್ರವೇ ಕೆ-ಥಿಯರಿ. ಅಲೆಕ್ಸಾಂಡರ್ ಗ್ರೋಥೆಂಡೀಕ್ 1957ರಲ್ಲಿ ಬೀಜಗಣಿತೀಯ ಜ್ಯಾಮಿತಿಯ ರೀಮನ್-ರಾಕ್ ಪ್ರಮೇಯವನ್ನು ಹಿಗ್ಗಿಸುವಾಗ ಇದನ್ನು ಹುಟ್ಟುಹಾಕಿದರು. ವರ್ಗ ಎಂಬರ್ಥದ ಜರ್ಮನ್ ಪದ 'ಕ್ಲಾಸ್ಸೆ'ಯ ಮೊದಲ ಅಕ್ಷರವೇ ಅದರ ಹೆಸರಾಯಿತು.

ಗ್ರೋಥೆಂಡೀಕ್ ಹಿಡಿದ ದಾರಿ ಲೆಕ್ಕಪುಸ್ತಕದ ದಾರಿಯೇ. ಮಡಿಕೇರಿಯ ಇಬ್ಬರು ಕಾಫಿ ಬೆಳೆಗಾರರಲ್ಲಿ ಒಬ್ಬರ ಗೋದಾಮಿನಲ್ಲಿ 30 ಚೀಲ ಕಾಫಿ ಇದೆ, ಮುಂಗಡ ಪಡೆದು ವ್ಯಾಪಾರಿಗೆ ಕೊಡಲು ಒಪ್ಪಿದ್ದು 20 ಚೀಲ. ಇನ್ನೊಬ್ಬರಲ್ಲಿ ಇರುವುದು 15, ಕೊಡಬೇಕಾದ್ದು 5. ಇಬ್ಬರ ಸ್ಥಿತಿಯೂ ಒಂದೇ ಎನ್ನುವುದಕ್ಕೆ ಕಳೆಯಲೇಬೇಕೆಂದಿಲ್ಲ. ಒಬ್ಬರ ದಾಸ್ತಾನಿಗೆ ಇನ್ನೊಬ್ಬರ ಬಾಕಿಯನ್ನು ಕೂಡಿಸಿ ನೋಡಿದರೆ ಸಾಕು: 30ಕ್ಕೆ 5 ಸೇರಿಸಿದರೂ 35, 15ಕ್ಕೆ 20 ಸೇರಿಸಿದರೂ 35. ಹೀಗೆ 'ಇರುವುದು, ಕೊಡಬೇಕಾದ್ದು' ಎಂಬ ಜೋಡಿಯನ್ನೇ ಒಂದು ಸಂಖ್ಯೆಯೆಂದು ಒಪ್ಪಿಕೊಂಡರೆ, ದಾಸ್ತಾನು 5 ಇದ್ದು ಬಾಕಿ 15 ಇರುವವರ ಲೆಕ್ಕವೂ ತಾನಾಗಿಯೇ ಹುಟ್ಟುತ್ತದೆ. ಅದು ಋಣ 10. ಬರೀ ಸಂಕಲನ ಗೊತ್ತಿರುವ ಸ್ವಾಭಾವಿಕ ಸಂಖ್ಯೆಗಳಿಂದ ಇಡೀ ಪೂರ್ಣಾಂಕಗಳ ವ್ಯವಸ್ಥೆ ಹೊರಬರುವುದು ಹೀಗೆ.

ಋಣಸಂಖ್ಯೆಗಳಿಗೆ ಈ ನೆಲದಲ್ಲಿ ಹಳೆಯ ನೆಂಟು ಇದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಧನ-ಋಣಗಳ ಗುಣಾಕಾರದ ನಿಯಮಗಳನ್ನು ಹೇಳಿದ್ದರು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದೂ ಅಲ್ಲೇ ಬರೆದರು. ಸಾವಿರ ವರ್ಷಗಳ ಮೇಲೆ ಗ್ರೋಥೆಂಡೀಕ್ ಮಾಡಿದ್ದು ಇಷ್ಟೇ: ಧನ-ಋಣದ ಆ ಜೋಡಿಯೊಳಗೆ ಸಂಖ್ಯೆಗಳ ಬದಲು ಜ್ಯಾಮಿತಿಯ ವಸ್ತುಗಳನ್ನು ಇಟ್ಟದ್ದು. ಇಷ್ಟೇ ಎಂದರೂ ಅದಕ್ಕೊಂದು ಬೆಲೆಯಿದೆ. ಎರಡು ಬೇರೆ ಬೇರೆ ವಸ್ತುಗಳಿಗೆ ಮೂರನೆಯದೊಂದನ್ನು ಸೇರಿಸಿದಾಗ ಫಲ ಒಂದೇ ಆದರೆ, ಹೊಸ ಲೆಕ್ಕದಲ್ಲಿ ಆ ಎರಡೂ ಒಂದೇ ಆಗಿಬಿಡುತ್ತವೆ. ಅವುಗಳ ನಡುವಿನ ವ್ಯತ್ಯಾಸವನ್ನು ಲೆಕ್ಕ ಮರೆಯುತ್ತದೆ. ಅನಂತವನ್ನು ಒಳಗೆ ಬಿಟ್ಟುಕೊಂಡರಂತೂ ಎಲ್ಲವೂ ಮರೆತುಹೋಗುತ್ತದೆ. ಅನಂತಕ್ಕೆ ಒಂದನ್ನು ಕೂಡಿಸಿದರೂ ಅನಂತವೇ ಆದ್ದರಿಂದ ಒಂದು ಸೊನ್ನೆಗೆ ಸಮ ಎಂದಾಗಿಬಿಡುತ್ತದೆ. ಹಾಗಾಗಿ ಕೆ-ಥಿಯರಿ ಪರಿಮಿತ ವಸ್ತುಗಳನ್ನು ಮಾತ್ರ ಒಳಗೆ ಕರೆಯುತ್ತದೆ. ಯಾವುದನ್ನು ಮರೆಯಬೇಕು, ಯಾವುದು ಮರೆತರೂ ಉಳಿಯುತ್ತದೆ ಎನ್ನುವುದರಲ್ಲಿಯೇ ಈ ಶಾಸ್ತ್ರದ ಶಕ್ತಿಯೆಲ್ಲ ಇದೆ.

ಜೋಡಿಯೊಳಗೆ ಕೂರುವ ಮುಖ್ಯ ವಸ್ತುವಿಗೆ ವೆಕ್ಟರ್ ಬಂಡಲ್ ಎಂದು ಹೆಸರು. ಅದನ್ನು ಕಾಣಲು ಕೊಡಗಿನ ಭೂಮಿ ಹೇಳಿ ಮಾಡಿಸಿದಂತಿದೆ. ತಡಿಯಂಡಮೋಳ್, ಪುಷ್ಪಗಿರಿಗಳಂಥ 1,700 ಮೀಟರಿಗೂ ಮೀರಿದ ಶಿಖರಗಳು, ನಡುವೆ ಕಣಿವೆಗಳು, ಇಳಿಜಾರುಗಳಲ್ಲಿ ತೋಟಗಳು, ತಗ್ಗಿನಲ್ಲಿ ಗದ್ದೆಗಳು. ಈ ಮೇಲ್ಮೈಯ ಪ್ರತಿ ಬಿಂದುವಿನಲ್ಲೂ ನೆಲವನ್ನು ಸ್ಪರ್ಶಿಸುವ ಒಂದು ಸಮತಲವಿದೆ. ಗದ್ದೆಯಲ್ಲಿ ಅದು ಹೆಚ್ಚುಕಡಿಮೆ ಮಟ್ಟಸ, ಘಾಟಿಯಲ್ಲಿ ಕಡಿದಾಗಿ ವಾಲಿಕೊಂಡಿರುತ್ತದೆ. ಬಿಂದುವಿನಿಂದ ಬಿಂದುವಿಗೆ ಸಾಗಿದಂತೆ ಈ ಸಮತಲ ಎಲ್ಲಿಯೂ ತುಂಡಾಗದೆ ವಾಲುತ್ತ ತಿರುಗುತ್ತ ಹೋಗುತ್ತದೆ. ಎಲ್ಲ ಬಿಂದುಗಳ ಎಲ್ಲ ಸ್ಪರ್ಶ ಸಮತಲಗಳೂ ಒಟ್ಟಾಗಿ ಒಂದು ಬಂಡಲ್. ಸಮತಲವೇ ಆಗಬೇಕೆಂದಿಲ್ಲ, ಪ್ರತಿ ಬಿಂದುವಿಗೆ ಒಂದು ಸರಳರೇಖೆಯನ್ನಾಗಲಿ ನೂರು ಆಯಾಮದ ಅವಕಾಶವನ್ನಾಗಲಿ ಜೋಡಿಸಬಹುದು. ಎರಡು ಬಂಡಲ್‌ಗಳನ್ನು ಕೂಡಿಸುವುದೂ ಸುಲಭ: ಪ್ರತಿ ಬಿಂದುವಿನಲ್ಲಿ ಎರಡೂ ಅವಕಾಶಗಳನ್ನು ಸೇರಿಸಿದರಾಯಿತು, ಆಯಾಮಗಳು ಕೂಡಿಕೊಳ್ಳುತ್ತವೆ.

ಜೂನ್ ತಿಂಗಳಲ್ಲಿ ನೈರುತ್ಯದ ಗಾಳಿ ಮಡಿಕೇರಿಯ ಮೇಲೆ ಬೀಸುವಾಗ ನಕ್ಷೆಯ ಪ್ರತಿ ಬಿಂದುವಿನಲ್ಲೂ ಗಾಳಿಯ ದಿಕ್ಕು ತೋರುವ ಒಂದು ಬಾಣ ಬರೆಯಬಹುದು. ಆ ಬಾಣ ಆಯಾ ಬಿಂದುವಿನ ಸ್ಪರ್ಶ ಸಮತಲದಲ್ಲಿ ಇರುತ್ತದೆ. ಕೊಡಗಿನಷ್ಟು ತುಣುಕಿನ ಮೇಲೆ ಎಲ್ಲಿಯೂ ಸೊನ್ನೆಯಾಗದ ಗಾಳಿಯನ್ನು ಕಲ್ಪಿಸಿಕೊಳ್ಳಲು ಯಾವ ತಕರಾರೂ ಇಲ್ಲ. ಇಡೀ ಭೂಗೋಳಕ್ಕೆ ಹೋದರೆ ಅದು ಅಸಾಧ್ಯ. ಗೋಳದ ಮೇಲೆ ಎಡೆಬಿಡದೆ ಹರಡಿದ ಬಾಣಗಳಲ್ಲಿ ಎಲ್ಲಾದರೊಂದು ಕಡೆ ಬಾಣದ ಉದ್ದ ಸೊನ್ನೆಯಾಗಲೇಬೇಕು ಎಂದು ಪ್ವಾಂಕರೆ 1885ರಲ್ಲಿ ತೋರಿಸಿದರು. 1912ರಲ್ಲಿ ಬ್ರೌವರ್ ಹೆಚ್ಚಿನ ಸಮಸಂಖ್ಯೆಯ ಆಯಾಮಗಳಿಗೂ ಅದನ್ನು ಒಯ್ದರು. ಯಾವ ಗಳಿಗೆಯಲ್ಲಿ ನೋಡಿದರೂ ಭೂಮಿಯ ಮೇಲೆ ಸಮತಲ ದಿಕ್ಕಿನ ಗಾಳಿ ಇಲ್ಲದ ಒಂದು ಬಿಂದು ಇದ್ದೇ ಇರುತ್ತದೆ. ತುಣುಕಿನಲ್ಲಿ ಕಾಣದ, ಪೂರ್ತಿಯಲ್ಲಿ ಮಾತ್ರ ಕಾಣುವ ಈ ತಿರುಚನ್ನು ಅಳೆಯುವುದಕ್ಕೆಂದೇ ಬಂಡಲ್‌ಗಳ ಅಧ್ಯಯನ ಬೆಳೆಯಿತು.

ತಿರುಚಿನ ಅತ್ಯಂತ ಸರಳ ಉದಾಹರಣೆ ಮೋಬಿಯಸ್ ಪಟ್ಟಿ. ವೃತ್ತದ ಪ್ರತಿ ಬಿಂದುವಿಗೂ ಒಂದು ರೇಖೆಯನ್ನು ನಿಲ್ಲಿಸುತ್ತ, ಒಂದು ಸುತ್ತು ಮುಗಿಯುವಷ್ಟರಲ್ಲಿ ಅದನ್ನು ಅರ್ಧ ತಿರುಗಿಸಿದರೆ ಮೋಬಿಯಸ್ ಬಂಡಲ್ ಸಿಗುತ್ತದೆ. ತಿರುಗಿಸದಿದ್ದರೆ ಸಾಮಾನ್ಯ ಕೊಳವೆ. ಎರಡು ಮೋಬಿಯಸ್ ಬಂಡಲ್‌ಗಳನ್ನು ಕೂಡಿಸಿದರೆ ಎರಡು ಅರ್ಧ ತಿರುಚುಗಳು ಸೇರಿ ಪೂರ್ತಿ ಸುತ್ತಾಗಿ, ತಿರುಚೇ ಇಲ್ಲದ ಬಂಡಲ್ ಆಗುತ್ತದೆ. ವೃತ್ತದ ಮಟ್ಟಿಗೆ ಕೆ-ಥಿಯರಿಯ ತಿರುಚಿನ ಲೆಕ್ಕ ಇಷ್ಟೇ: ತಿರುಚು ಇದೆ ಅಥವಾ ಇಲ್ಲ, ಎರಡು ಸೇರಿದರೆ ಸೊನ್ನೆ. ಗೋಳದ ಸ್ಪರ್ಶ ಬಂಡಲ್‌ನ ವಿಷಯ ಇನ್ನೂ ಸ್ವಾರಸ್ಯದ್ದು. ಅದಕ್ಕೆ ಪ್ರತಿ ಬಿಂದುವಿನಲ್ಲಿ ನೆಲಕ್ಕೆ ಲಂಬವಾಗಿ ಆಕಾಶದ ಕಡೆ ಹೋಗುವ ರೇಖೆಯೊಂದನ್ನು ಕೂಡಿಸಿದರೆ ಮೂರು ಆಯಾಮದ ಮಾಮೂಲಿ ಅವಕಾಶವೇ ಎಲ್ಲ ಕಡೆಯೂ ಸಿಗುತ್ತದೆ, ಯಾವ ತಿರುಚೂ ಇಲ್ಲ. ಆ ಲಂಬರೇಖೆಗಳ ಬಂಡಲ್‌ನಲ್ಲೂ ತಿರುಚಿಲ್ಲ. ಅಂದರೆ ಕೆ-ಥಿಯರಿಯ ಕಣ್ಣಿಗೆ ಗೋಳದ ಸ್ಪರ್ಶ ಬಂಡಲ್ ಬರೀ '2'. ಗಾಳಿಯ ಪ್ರಮೇಯ ಹಿಡಿದಿದ್ದ ತಿರುಚು ಈ ಲೆಕ್ಕದಲ್ಲಿ ಕಳೆದುಹೋಯಿತು. ಇದು ಕೆ-ಥಿಯರಿಯ ಕೊರತೆ ಎಂದು ತೋರಬಹುದು. ಆದರೆ ಇಷ್ಟನ್ನು ಬಿಟ್ಟುಕೊಟ್ಟದ್ದರಿಂದಲೇ ಉಳಿದ ಲೆಕ್ಕಗಳು ಕೈಗೆಟುಕುವಂತಾದವು.

ಹಾಗೆ ಎಟುಕುವಂತೆ ಮಾಡಿದವರು ಮೈಕೆಲ್ ಅಟಿಯಾ ಮತ್ತು ಫ್ರೀಡ್ರಿಕ್ ಹಿರ್ಟ್ಸೆಬ್ರುಖ್. 1959ರ ಹೊತ್ತಿಗೆ ಅವರು ಗ್ರೋಥೆಂಡೀಕರ ಉಪಾಯವನ್ನು ಟೊಪಾಲಜಿಗೆ, ಅಂದರೆ ಹಿಗ್ಗಿಸಿದರೂ ಬಗ್ಗಿಸಿದರೂ ಬದಲಾಗದ ಆಕಾರಗುಣಗಳ ಶಾಸ್ತ್ರಕ್ಕೆ ತಂದರು. ಅವರಿಗೆ ಆಧಾರವಾದದ್ದು ರೌಲ್ ಬಾಟ್ ಅದಕ್ಕೆ ಸ್ವಲ್ಪ ಮೊದಲು ಕಂಡುಹಿಡಿದಿದ್ದ ಒಂದು ಬೆರಗಿನ ಸಂಗತಿ. ಗೋಳದ ಆಯಾಮ ಏರಿದಂತೆ ಅದರ ಮೇಲಿನ ತಿರುಚುಗಳ ಪಟ್ಟಿ ಹೇಗೆ ಬದಲಾಗುತ್ತದೆ ಎಂದು ನೋಡಿದರೆ, ಸಂಮಿಶ್ರ ಸಂಖ್ಯೆಗಳ ಬಂಡಲ್‌ಗಳಲ್ಲಿ ಎರಡು ಆಯಾಮಕ್ಕೊಮ್ಮೆ, ವಾಸ್ತವ ಸಂಖ್ಯೆಗಳ ಬಂಡಲ್‌ಗಳಲ್ಲಿ ಎಂಟು ಆಯಾಮಕ್ಕೊಮ್ಮೆ ಅದೇ ಪಟ್ಟಿ ಮರಳಿ ಬರುತ್ತದೆ. ವಾಸ್ತವ ಬಂಡಲ್‌ಗಳಿಗೆ ಒಂದು ಮತ್ತು ಎರಡು ಆಯಾಮದ ಗೋಳಗಳಲ್ಲಿ ಎರಡೆರಡು ಬಗೆ, ಮೂರರಲ್ಲಿ ಒಂದೇ, ನಾಲ್ಕರಲ್ಲಿ ಪೂರ್ಣಾಂಕಗಳಷ್ಟು, ಐದು, ಆರು, ಏಳರಲ್ಲಿ ಮತ್ತೆ ಒಂದೇ, ಎಂಟರಲ್ಲಿ ಪೂರ್ಣಾಂಕಗಳಷ್ಟು. ಒಂಬತ್ತರಲ್ಲಿ ಪಟ್ಟಿ ಮತ್ತೆ ಮೊದಲಿನಿಂದ ಶುರು.

ಬಾಟ್ ಇದನ್ನು ಸಾಧಿಸಿದ ವಿಧಾನದ ಬೇರು ಬೆಟ್ಟಗುಡ್ಡಗಳಲ್ಲಿದೆ. ಭೂಮಿಯ ಮೇಲಿನ ಶಿಖರಗಳನ್ನೂ ತಗ್ಗುಗಳನ್ನೂ ಕೂಡಿಸಿ, ಎರಡು ಬೆಟ್ಟಗಳ ನಡುವಿನ ಕಣಿವೆದಾರಿಯ ಬಿಂದುಗಳನ್ನು ಕಳೆದರೆ ಉತ್ತರ ಯಾವಾಗಲೂ 2 ಎಂದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1870ರಲ್ಲಿ ಬೆಟ್ಟ-ಕಣಿವೆಗಳ ಕುರಿತ ಲೇಖನದಲ್ಲಿ ವಿವರಿಸಿದ್ದರು. ಒಂದು ಹೊಸ ಗುಡ್ಡ ಎದ್ದರೆ ಅದರ ಜತೆಗೇ ಒಂದು ಕಣಿವೆದಾರಿಯೂ ಹುಟ್ಟುವುದರಿಂದ ಲೆಕ್ಕ ಕದಲುವುದಿಲ್ಲ. ಮಾರ್ಸ್ಟನ್ ಮೋರ್ಸ್ ಇದನ್ನೇ ಎಲ್ಲ ಆಯಾಮಗಳಿಗೆ ವಿಸ್ತರಿಸಿದರು. ಬಾಟ್ ನೆಲದ ಬದಲು ಮ್ಯಾಟ್ರಿಕ್ಸ್‌ಗಳ ಲೋಕದಲ್ಲಿ ಎಳೆಯಬಹುದಾದ ದಾರಿಗಳನ್ನೂ, ಎತ್ತರದ ಬದಲು ಆ ದಾರಿಗಳ ಶಕ್ತಿಯನ್ನೂ ಇಟ್ಟುಕೊಂಡು, ಅಲ್ಲಿನ ಶಿಖರ-ಕಣಿವೆಗಳನ್ನು ಎಣಿಸಿದರು. ಎಂಟರ ಆವರ್ತನೆ ಆ ಎಣಿಕೆಯಲ್ಲಿ ಹೊರಬಿತ್ತು.

ಮೊದಲ ದೊಡ್ಡ ಫಲ ಗಾಳಿಯ ಪ್ರಶ್ನೆಗೇ ಸಂಬಂಧಿಸಿದ್ದು. ಗೋಳವೊಂದರ ಮೇಲೆ ಎಲ್ಲಿಯೂ ಸೊನ್ನೆಯಾಗದ, ಪರಸ್ಪರ ಸ್ವತಂತ್ರವಾದ ಎಷ್ಟು ಬಾಣವಿನ್ಯಾಸಗಳನ್ನು ಹರಡಬಹುದು? 1962ರಲ್ಲಿ ಫ್ರ್ಯಾಂಕ್ ಆಡಮ್ಸ್ ಕೆ-ಥಿಯರಿಯಿಂದ ಪೂರ್ಣ ಉತ್ತರ ಕೊಟ್ಟರು. ಸಮಸಂಖ್ಯೆಯ ಆಯಾಮದ ಗೋಳಗಳಲ್ಲಿ ಒಂದೂ ಇಲ್ಲ. ಐದು ಆಯಾಮದ ಗೋಳದಲ್ಲಿ ಒಂದು, ಹದಿನೈದರಲ್ಲಿ ಎಂಟು. ಒಂದು, ಮೂರು, ಏಳು ಆಯಾಮದ ಗೋಳಗಳಲ್ಲಿ ಮಾತ್ರ ಆಯಾಮದಷ್ಟೇ ವಿನ್ಯಾಸಗಳಿಗೆ ಜಾಗವಿದೆ. ಭಾಗಾಕಾರಕ್ಕೆ ಒದಗುವ ವಾಸ್ತವ ಸಂಖ್ಯಾವ್ಯವಸ್ಥೆಗಳು 1, 2, 4, 8 ಆಯಾಮಗಳಲ್ಲಷ್ಟೇ ಸಾಧ್ಯ ಎಂಬುದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಈ ವಲಯದ ಒಂದು ಪ್ರಮೇಯಕ್ಕೆ ಆಡಮ್ಸ್ 1960ರಲ್ಲಿ ಕೊಟ್ಟಿದ್ದ ಸಾಧನೆ ಬಹಳ ದೀರ್ಘವಾಗಿತ್ತು. ಕೆ-ಥಿಯರಿ ಬಳಸಿ ಅವರೂ ಅಟಿಯಾ ಅವರೂ 1966ರಲ್ಲಿ ಪ್ರಕಟಿಸಿದ ಸಾಧನೆ ಕೆಲವೇ ಪುಟಗಳದ್ದು. ಹೊಸ ಉಪಕರಣವೊಂದರ ಯೋಗ್ಯತೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

1963ರ ಅಟಿಯಾ-ಸಿಂಗರ್ ಸೂಚ್ಯಂಕ ಪ್ರಮೇಯ ಇದೇ ದಾರಿಯಲ್ಲಿ ಬಂದದ್ದು. ಒಂದು ಅವಕಲ ಸಮೀಕರಣಕ್ಕೆ ಎಷ್ಟು ಪರಿಹಾರಗಳಿವೆ ಎಂಬ ಪ್ರಶ್ನೆಗೆ ಸ್ಥಿರವಾದ ಉತ್ತರ ಸಿಗುವುದಿಲ್ಲ, ಸಮೀಕರಣವನ್ನು ಕೂದಲೆಳೆಯಷ್ಟು ಬದಲಿಸಿದರೂ ಆ ಸಂಖ್ಯೆ ಏರಿಳಿಯುತ್ತದೆ. ಪರಿಹಾರ ಸಿಗದಂತೆ ತಡೆಯುವ ನಿರ್ಬಂಧಗಳ ಸಂಖ್ಯೆಯೂ ಹಾಗೆಯೇ. ಆದರೆ ಒಂದರಿಂದ ಇನ್ನೊಂದನ್ನು ಕಳೆದಾಗ ಬರುವ ಸಂಖ್ಯೆ ಅಲುಗಾಡುವುದಿಲ್ಲ, ಮತ್ತು ಆ ಸಂಖ್ಯೆಯನ್ನು ಸಮೀಕರಣವನ್ನು ಬಿಡಿಸದೆಯೇ ಜಾಗದ ಆಕಾರದಿಂದ ಹೇಳಬಹುದು. ಮತ್ತೆ ಅದೇ ಜೋಡಿ, ಅದೇ ವ್ಯವಕಲನ. ಈ ಪ್ರಮೇಯಕ್ಕೆ ಶಾಖದ ಹರಿವಿನ ಸಮೀಕರಣದ ಮೂಲಕ ಹೊಸ ದಾರಿ ಹಾಕಿದವರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜಯ್ ಕುಮಾರ್ ಪಟೋಡಿ ಪ್ರಮುಖರು. 1973ರಲ್ಲಿ ಅಟಿಯಾ, ಬಾಟ್ ಅವರ ಜತೆಗೆ, 1975ರಿಂದ ಅಟಿಯಾ, ಸಿಂಗರ್ ಅವರ ಜತೆಗೆ ಅವರು ಬರೆದ ಲೇಖನಗಳು ಇಂದಿಗೂ ಭೌತವಿಜ್ಞಾನಿಗಳ ಕೈಯಲ್ಲಿವೆ. ಅಂಚು ಇರುವ ಆಕಾರಗಳಿಗೆ ಸೂಚ್ಯಂಕವನ್ನು ಲೆಕ್ಕಹಾಕುವುದು ಹೇಗೆಂದು ಎರಡನೆಯ ಸರಣಿ ಹೇಳುತ್ತದೆ. ಪಟೋಡಿ 1976ರ ಡಿಸೆಂಬರಿನಲ್ಲಿ, 31ನೆಯ ವಯಸ್ಸಿಗೇ ತೀರಿಕೊಂಡರು.

ಟೊಪಾಲಜಿಯ ಪಕ್ಕದಲ್ಲಿ ಬೀಜಗಣಿತದ ಕವಲೂ ಬೆಳೆಯುತ್ತಿತ್ತು, ಭಾರತದ ಕೊಡುಗೆ ಹೆಚ್ಚಾಗಿರುವುದು ಅಲ್ಲಿಯೇ. ಮಟ್ಟಸವಾದ ಅವಕಾಶದ ಮೇಲೆ ತಿರುಚಿದ ಬಂಡಲ್ ಇರಲಾರದು ಎಂದು ಟೊಪಾಲಜಿ ಸುಲಭವಾಗಿ ಹೇಳುತ್ತದೆ. ಆದರೆ ಬಹುಪದೋಕ್ತಿಗಳನ್ನು ಬಿಟ್ಟು ಬೇರೇನನ್ನೂ ಬಳಸಬಾರದು ಎಂಬ ಕಟ್ಟಳೆ ಹಾಕಿದರೆ? 1955ರಲ್ಲಿ ಝಾನ್-ಪಿಯೇರ್ ಸೆರ್ ಎತ್ತಿದ ಈ ಪ್ರಶ್ನೆ ಇಪ್ಪತ್ತು ವರ್ಷ ಬಗ್ಗಲಿಲ್ಲ. ತಿರುಚಿಲ್ಲದ ಬಂಡಲ್ ಒಂದನ್ನು ಕೂಡಿಸಿದ ಮೇಲೆ ತಿರುಚು ಉಳಿಯುವುದಿಲ್ಲ ಎಂದು ಸೆರ್ ಅವರೇ ತೋರಿಸಿದ್ದರು. ಎಂದರೆ ಕೆ-ಥಿಯರಿಯ ಪಾಲಿಗೆ ಸಮಸ್ಯೆ ಮುಗಿದಿತ್ತು. ಉಳಿದದ್ದು ಕೆ-ಥಿಯರಿ ಮರೆಯುವ ಭಾಗ. ಗೋಳದ ಸ್ಪರ್ಶ ಬಂಡಲ್‌ನಂಥ ಮೋಸ ಇಲ್ಲಿಯೂ ಅಡಗಿದೆಯೇ ಎಂಬುದೇ ಪ್ರಶ್ನೆಯಾಗಿತ್ತು. 1958ರಲ್ಲಿ ಟಾಟಾ ಸಂಸ್ಥೆಯ ಸಿ.ಎಸ್. ಶೇಷಾದ್ರಿ ಎರಡು ಚರಾಕ್ಷರಗಳ ಬಹುಪದೋಕ್ತಿಗಳಿಗೆ 'ಇಲ್ಲ' ಎಂದು ಸಾಧಿಸಿದರು. ಆಗ ಅವರಿಗೆ 26 ವರ್ಷ. ಎಷ್ಟೇ ಚರಾಕ್ಷರಗಳಿದ್ದರೂ ಉತ್ತರ ಅದೇ ಎಂದು 1976ರಲ್ಲಿ ಅಮೆರಿಕದ ಡೇನಿಯಲ್ ಕ್ವಿಲೆನ್ ಮತ್ತು ಸೋವಿಯತ್ ಒಕ್ಕೂಟದ ಆಂದ್ರೇ ಸುಸ್ಲಿನ್ ಒಬ್ಬರಿಗೊಬ್ಬರು ತಿಳಿಯದೆ ಸಾಧಿಸಿದರು. ಶೇಷಾದ್ರಿಯವರ ಫಲಿತದಿಂದ ಹೊರಟ ಪರಂಪರೆ ಮುಂಬೈಯಲ್ಲಿ ಎಂ. ಪವಮಾನ ಮೂರ್ತಿ, ಆರ್. ಶ್ರೀಧರನ್, ಎಸ್. ಪರಿಮಳಾ, ಎನ್. ಮೋಹನ್ ಕುಮಾರ್ ಮುಂತಾದವರ ಕೈಯಲ್ಲಿ ದಶಕಗಳ ಕಾಲ ಮುಂದುವರಿಯಿತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು ಷಿಕಾಗೋದಲ್ಲಿ ಸಂಶೋಧನೆ ಮಾಡಿ ಟಾಟಾ ಸಂಸ್ಥೆ ಸೇರಿದ ವಿ. ಶ್ರೀನಿವಾಸ್ ಬರೆದ ಬೀಜಗಣಿತೀಯ ಕೆ-ಥಿಯರಿಯ ಪುಸ್ತಕ ಈ ವಿಷಯಕ್ಕೆ ಇಳಿಯುವವರು ಜಗತ್ತಿನ ಎಲ್ಲೆಡೆ ಓದುವ ಗ್ರಂಥ. ಆಗ ಅದೇ ಸಂಸ್ಥೆಯಲ್ಲಿದ್ದ ಅಮಲೇಂದು ಕೃಷ್ಣ ಅವರಿಗೆ 2015ರ ರಾಮಾನುಜನ್ ಪ್ರಶಸ್ತಿ ಬಂದದ್ದೂ ಕೆ-ಥಿಯರಿ ಮತ್ತು ಅದರ ನೆರೆಯ ಕ್ಷೇತ್ರಗಳಲ್ಲಿನ ಕೆಲಸಕ್ಕೆ.

ಬೀಜಗಣಿತದಲ್ಲಿ ಕೆ-ಥಿಯರಿ ಒಂದೇ ಮೆಟ್ಟಿಲಿನದಲ್ಲ. ಬಂಡಲ್‌ಗಳನ್ನು ಎಣಿಸುವುದು ಕೆ-0. ಮ್ಯಾಟ್ರಿಕ್ಸ್‌ಗಳಲ್ಲಿ ಒಂದು ಸಾಲಿಗೆ ಇನ್ನೊಂದರ ಅಪವರ್ತ್ಯವನ್ನು ಕೂಡಿಸುವ, ಪಿಯುಸಿ ತರಗತಿಯ ಪರಿಚಿತ ಕ್ರಿಯೆಯಿಂದ ಬದಲಾಗದೆ ಉಳಿಯುವುದೇನು ಎಂದು ಕೇಳುವುದು ಕೆ-1. ಸಾಮಾನ್ಯ ಸಂಖ್ಯೆಗಳ ಮ್ಯಾಟ್ರಿಕ್ಸ್‌ಗಳಿಗೆ ಅದರ ಉತ್ತರ ನಿರ್ಧಾರಕ. ಕೆ-2ನ್ನು ಜಾನ್ ಮಿಲ್ನರ್ ಕೊಟ್ಟರು. ಮುಂದಿನ ಮೆಟ್ಟಿಲುಗಳನ್ನು ಹೇಗೆ ಕಟ್ಟಬೇಕೆಂದು 1970ರ ದಶಕದ ಮೊದಲ ವರ್ಷಗಳಲ್ಲಿ ಕ್ವಿಲೆನ್ ತೋರಿಸಿದರು, 1978ರಲ್ಲಿ ಫೀಲ್ಡ್ಸ್ ಪದಕ ಪಡೆದರು. ಲೆಕ್ಕ ಕಷ್ಟವಾಗುವುದು ಇಲ್ಲಿಂದ ಮೇಲೆ. ಎಲ್ಲರಿಗೂ ಗೊತ್ತಿರುವ ಪೂರ್ಣಾಂಕಗಳ ಕೆ-ಗ್ರೂಪ್‌ಗಳೇ, ಅಂದರೆ ಈ ಮೆಟ್ಟಿಲುಗಳಲ್ಲಿ ಸಿಗುವ ಲೆಕ್ಕದ ವ್ಯವಸ್ಥೆಗಳೇ, ಇನ್ನೂ ಪೂರ್ತಿ ತಿಳಿದಿಲ್ಲ. ಕೆ-3ರಲ್ಲಿ 48 ಸದಸ್ಯರು, ಕೆ-7ರಲ್ಲಿ 240. ಕೆ-22ರಲ್ಲಿ 691. ಕೊನೆಯ ಸಂಖ್ಯೆ ರಾಮಾನುಜನ್ ಅವರನ್ನು ಓದಿದವರಿಗೆ ಹಳೆಯ ಪರಿಚಯ. 1916ರ ಲೇಖನದಲ್ಲಿ ಅವರು ಟೌ ಉತ್ಪನ್ನವನ್ನು 691ರಿಂದ ಭಾಗಿಸಿದಾಗ ಉಳಿಯುವ ಶೇಷದ ಬಗ್ಗೆ ಪ್ರಸಿದ್ಧ ನಿಯಮವೊಂದನ್ನು ಕೊಟ್ಟಿದ್ದರು. ಎರಡೂ ಕಡೆ ಆ ಅವಿಭಾಜ್ಯ ಬರುವುದು ಒಂದೇ ಮೂಲದಿಂದ, ಹನ್ನೆರಡನೆಯ ಬರ್ನೂಲಿ ಸಂಖ್ಯೆಯ ಅಂಶದಿಂದ. ಕೆ-4, ಕೆ-8 ಎಂದು ನಾಲ್ಕರ ಮಗ್ಗಿಯಲ್ಲಿ ಬರುವ ಗ್ರೂಪ್‌ಗಳೆಲ್ಲ ಬರಿದು ಎಂಬ ಊಹೆಯಂತೂ ಹತ್ತೊಂಬತ್ತನೆಯ ಶತಮಾನದಿಂದ ಬಂದ ಕುಮ್ಮರ್-ವ್ಯಾಂಡಿವರ್ ಊಹೆಯ ಇನ್ನೊಂದು ರೂಪ. ಕೆ-4 ಬರಿದೆಂದು 2000ದಲ್ಲಿ ಸಾಧನೆಯಾಯಿತು. ಕೆ-8ಕ್ಕೆ ಮತ್ತೆ ಸುಮಾರು ಎರಡು ದಶಕ ಹಿಡಿಯಿತು.

ಭೌತವಿಜ್ಞಾನಕ್ಕೆ ಇದೆಲ್ಲ ಏಕೆ ಬೇಕಾಯಿತು? ಆರಂಭ 1980ರ ಒಂದು ಪ್ರಯೋಗದಲ್ಲಿದೆ. ತೀರ ಕಡಿಮೆ ಉಷ್ಣತೆಯಲ್ಲಿ, ಪ್ರಬಲ ಕಾಂತಕ್ಷೇತ್ರದಲ್ಲಿಟ್ಟ ತೆಳು ಎಲೆಕ್ಟ್ರಾನ್ ಪದರದಲ್ಲಿ ಅಡ್ಡರೋಧವನ್ನು ಅಳೆದ ಕ್ಲಾಸ್ ಫಾನ್ ಕ್ಲಿಟ್ಸಿಂಗ್, ಅದು ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದನ್ನು ಕಂಡರು. ಪ್ರತಿ ಮೆಟ್ಟಿಲಿನ ಬೆಲೆ ಸುಮಾರು 25,812.807 ಓಮ್ ಅನ್ನು 1, 2, 3ರಂಥ ಪೂರ್ಣಾಂಕದಿಂದ ಭಾಗಿಸಿದಷ್ಟು. ಮಾದರಿಯ ಆಕಾರ ಬೇರೆಯಾಗಲಿ, ಒಳಗೆ ಕಲ್ಮಶವಿರಲಿ, ಬೆಲೆ ಕದಲಲಿಲ್ಲ. ಇಷ್ಟು ಗಡುಸಾದ ಪೂರ್ಣಾಂಕ ಎಲ್ಲಿಂದ ಬಂತು ಎನ್ನುವುದಕ್ಕೆ ಡೇವಿಡ್ ಥೌಲೆಸ್ ಮತ್ತು ಮೂವರು ಸಹೋದ್ಯೋಗಿಗಳು 1982ರಲ್ಲಿ ವಿವರಣೆ ಕೊಟ್ಟರು. ಸ್ಫಟಿಕದಲ್ಲಿ ಎಲೆಕ್ಟ್ರಾನಿನ ಸಂವೇಗ ಬದಲಾಗುವ ವಲಯ ಎರಡು ಆಯಾಮದಲ್ಲಿ ಒಂದು ಬಳೆಯ ಮೇಲ್ಮೈಯಂತೆ ಸುತ್ತಿಕೊಂಡಿರುತ್ತದೆ. ಅದರ ಪ್ರತಿ ಬಿಂದುವಿನಲ್ಲೂ ತುಂಬಿದ ಕ್ವಾಂಟಮ್ ಸ್ಥಿತಿಗಳು ಸೇರಿ ಒಂದು ಅವಕಾಶವಾಗುತ್ತದೆ. ಅಂದರೆ ಅದೊಂದು ಸಂಮಿಶ್ರ ಬಂಡಲ್. ಈ ಮೇಲ್ಮೈಯ ಕೆ-ಗ್ರೂಪ್‌ನಲ್ಲಿ ಇರುವುದು ಎರಡೇ ಪೂರ್ಣಾಂಕಗಳು. ಒಂದು, ತುಂಬಿದ ಪಟ್ಟಿಗಳು ಎಷ್ಟು ಎಂದು ಹೇಳುತ್ತದೆ. ಇನ್ನೊಂದು ತಿರುಚಿನ ಸಂಖ್ಯೆ, ಫಾನ್ ಕ್ಲಿಟ್ಸಿಂಗ್ ಅಳೆದ ಮೆಟ್ಟಿಲು. ಥೌಲೆಸ್ ಅವರಿಗೆ 2016ರಲ್ಲಿ ನೊಬೆಲ್ ಬಂತು.

ಇಂಥ ವಸ್ತುಗಳ ವರ್ಗೀಕರಣಕ್ಕೆ ಭೌತವಿಜ್ಞಾನಿಗಳು ಕೆ-ಥಿಯರಿಯನ್ನೇ ಎತ್ತಿಕೊಂಡದ್ದು ಇನ್ನೂ ತಡವಾಗಿ. 2005ರಲ್ಲಿ ಚಾರ್ಲ್ಸ್ ಕೇನ್ ಮತ್ತು ಯುಜೀನ್ ಮೆಲೆ ಕಾಂತಕ್ಷೇತ್ರವೇ ಇಲ್ಲದ ವಸ್ತುವಿನಲ್ಲೂ ತಿರುಚು ಇರಬಹುದೆಂದು ತೋರಿಸಿದರು. ಇಲ್ಲಿ ಬೆಲೆ ಪೂರ್ಣಾಂಕವಲ್ಲ. ಮೋಬಿಯಸ್ ಪಟ್ಟಿಯಂತೆ 'ಇದೆ' ಅಥವಾ 'ಇಲ್ಲ'. ಇಂಥ ವಸ್ತುವಿನ ಒಡಲಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಅಂಚಿನಲ್ಲಿ ಸಲೀಸಾಗಿ ಹರಿಯುತ್ತದೆ. ಇವುಗಳಿಗೆ ಟೊಪಲಾಜಿಕಲ್ ಇನ್ಸುಲೇಟರ್ ಎಂದು ಹೆಸರು ಬಿತ್ತು. 2007ರಲ್ಲಿ ಜರ್ಮನಿಯ ವ್ಯೂರ್ತ್ಸ್‌ಬುರ್ಗ್‌ನಲ್ಲಿ ಪಾದರಸ ಟೆಲ್ಯುರೈಡ್‌ನ ತೆಳು ಪದರದಲ್ಲಿ ಇದು ಪ್ರಯೋಗಕ್ಕೆ ಸಿಕ್ಕಿತು. ಅನಂತರ ಬಿಸ್ಮತ್ ಸೆಲೆನೈಡ್‌ನಂಥ ಮೂರು ಆಯಾಮದ ಸ್ಫಟಿಕಗಳೂ ಪಟ್ಟಿಗೆ ಸೇರಿದವು. ಎಷ್ಟು ಬಗೆಯವು ಇರಬಹುದು ಎಂಬ ಪ್ರಶ್ನೆಗೆ 2009ರಲ್ಲಿ ಅಲೆಕ್ಸೈ ಕಿತಾಯೆವ್ ಒಂದು ಕೋಷ್ಟಕವನ್ನೇ ಕೊಟ್ಟರು. ಕಾಲವನ್ನು ಹಿಮ್ಮುಖಗೊಳಿಸುವಂಥ ಸಮಮಿತಿಗಳ ಆಧಾರದ ಮೇಲೆ ವಸ್ತುಗಳು ಹತ್ತು ವರ್ಗಗಳಾಗುತ್ತವೆ ಎಂದು ಆಲ್ಟ್‌ಲ್ಯಾಂಡ್ ಮತ್ತು ತ್ಸಿರ್ನ್‌ಬಾವರ್ 1997ರಲ್ಲೇ ಹೇಳಿದ್ದರು. ಆ ಹತ್ತರಲ್ಲಿ ಎರಡು ಬಾಟ್ ಅವರ ಎರಡರ ಆವರ್ತನೆ, ಉಳಿದ ಎಂಟು ಅವರ ಎಂಟರ ಆವರ್ತನೆ. ಮ್ಯಾಟ್ರಿಕ್ಸ್‌ಗಳ ಲೋಕದ ಶಿಖರ-ಕಣಿವೆಗಳನ್ನು ಎಣಿಸಿ ಅರ್ಧ ಶತಮಾನದ ಹಿಂದೆ ಬರೆದ ಪಟ್ಟಿ ಪ್ರಯೋಗಾಲಯದ ವಸ್ತುಗಳ ಪಟ್ಟಿಯಾಗಿಬಿಟ್ಟಿತ್ತು.

ಈ ಹೊಂದಾಣಿಕೆ ಆಕಸ್ಮಿಕವಲ್ಲ. ಪರಮಾಣುವಿನ ಒಳಕವಚಗಳಲ್ಲಿ ಎಲೆಕ್ಟ್ರಾನುಗಳು ತಮ್ಮಷ್ಟಕ್ಕೆ ತಾವಿರುತ್ತವೆ. ಅವುಗಳ ಪಟ್ಟಿಗಳನ್ನು ಲೆಕ್ಕಕ್ಕೆ ಸೇರಿಸಿದರೂ ಬಿಟ್ಟರೂ ವಸ್ತುವಿನ ಗುಣ ಬದಲಾಗಬಾರದು. ತಿರುಚಿಲ್ಲದ ಬಂಡಲ್ ಅನ್ನು ಕೂಡಿಸಿದರೂ ಏನೂ ವ್ಯತ್ಯಾಸವಿಲ್ಲ ಎಂದು ಕೆ-ಥಿಯರಿ ಹೇಳುವುದೂ ಇದನ್ನೇ. ಗೋಳದ ಗಾಳಿಯ ವಿಷಯದಲ್ಲಿ ನಷ್ಟವಾಗಿ ಕಂಡ ಮರೆವು ಇಲ್ಲಿ ನಿಸರ್ಗದ್ದೇ ನಡವಳಿಕೆ.

ಸ್ಫಟಿಕವೇ ಇಲ್ಲದಿದ್ದರೆ? ಪರಮಾಣುಗಳು ಗಾಜಿನಲ್ಲಿರುವಂತೆ ಅಡ್ಡಾದಿಡ್ಡಿ ಕೂತಿದ್ದರೆ ಸಂವೇಗದ ಬಳೆಯೂ ಇಲ್ಲ, ಅದರ ಮೇಲಿನ ಬಂಡಲ್ಲೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧಿಪ್ ಅಗರ್ವಾಲಾ ಮತ್ತು ವಿಜಯ್ ಶೆಣೈ 2017ರಲ್ಲಿ ಪ್ರಕಟಿಸಿದ ಲೇಖನ, ಯಾದೃಚ್ಛಿಕವಾಗಿ ಚೆಲ್ಲಿದ ತಾಣಗಳ ನಡುವೆ ಎಲೆಕ್ಟ್ರಾನುಗಳು ಜಿಗಿಯುವ ಮಾದರಿಗಳಲ್ಲೂ ಟೊಪಲಾಜಿಕಲ್ ಸ್ಥಿತಿಗಳು ಇರುತ್ತವೆ ಎಂದು ತೋರಿಸಿತು. ಸ್ಫಟಿಕವಲ್ಲದ ವಸ್ತುಗಳಲ್ಲೂ ಇವನ್ನು ಹುಡುಕಬಹುದೆಂಬ ಭರವಸೆ ಆ ಲೇಖನದಿಂದ ಬಲಗೊಂಡಿತು. ಗಣಿತದ ಕಡೆಯಿಂದ ಇದಕ್ಕೆ ನೆಲೆ ಸಿದ್ಧವಾಗಿಯೇ ಇತ್ತು. ಜಾಗವನ್ನೇ ಬಿಟ್ಟು ಆಪರೇಟರುಗಳ ಬೀಜಗಣಿತದಿಂದ ನೇರವಾಗಿ ಕೆ-ಗ್ರೂಪ್ ಕಟ್ಟುವ ಕ್ರಮವನ್ನು ಅಲೆನ್ ಕಾನ್ ಅವರ ಜ್ಯಾಮಿತಿಯಿಂದ ಪ್ರೇರಿತರಾದ ಝಾನ್ ಬೆಲಿಸಾರ್ 1980ರ ದಶಕದಲ್ಲೇ ಕಲ್ಮಶಭರಿತ ವಸ್ತುಗಳಿಗೆ ಅನ್ವಯಿಸಿದ್ದರು.

ಇನ್ನೊಂದು ಬಳಕೆ ಸ್ಟ್ರಿಂಗ್ ಸಿದ್ಧಾಂತದಲ್ಲಿದೆ. ಅಲ್ಲಿ ತಂತುಗಳ ತುದಿಗಳು ಅಂಟಿಕೊಳ್ಳುವ ಡಿ-ಬ್ರೇನ್ ಎಂಬ ಹಾಸುಗಳಿವೆ, ಅವುಗಳಿಗೆ ವಿರುದ್ಧವಾದ ಪ್ರತಿ-ಬ್ರೇನ್‌ಗಳೂ ಇವೆ. ಎರಡೂ ಸೇರಿದರೆ ನಾಶವಾಗಬೇಕು. ಆ ನಾಶ ಹೇಗೆ ನಡೆಯುತ್ತದೆ, ಕೊನೆಗೆ ಏನು ಉಳಿಯುತ್ತದೆ ಎಂದು 1998ರ ಸುಮಾರಿನಲ್ಲಿ ಅಲಹಾಬಾದಿನಲ್ಲಿದ್ದ ಅಶೋಕ್ ಸೇನ್ ಸಾಲು ಲೇಖನಗಳಲ್ಲಿ ಕಂಡುಕೊಂಡರು. ಬ್ರೇನ್ ಒಂದು ಬಂಡಲ್ ಹೊತ್ತಿರುತ್ತದೆ, ಪ್ರತಿ-ಬ್ರೇನ್ ಇನ್ನೊಂದನ್ನು. ಎರಡೂ ಬಂಡಲ್ ಒಂದೇ ಆಗಿದ್ದರೆ ಏನೂ ಉಳಿಯುವುದಿಲ್ಲ. ತಿರುಚು ಬೇರೆಯಾಗಿದ್ದರೆ ಕಡಿಮೆ ಆಯಾಮದ ಬ್ರೇನ್ ಒಂದು ಉಳಿದುಕೊಳ್ಳುತ್ತದೆ. ಹಾಗಾದರೆ ಬ್ರೇನ್‌ಗಳ ಆವೇಶವೆಂದರೆ ಬಂಡಲ್‌ಗಳ ವ್ಯತ್ಯಾಸ, ಎಂದರೆ ಗ್ರೋಥೆಂಡೀಕರ ಜೋಡಿಯೇ ಎಂದು ಅದೇ ವರ್ಷ ಎಡ್ವರ್ಡ್ ವಿಟೆನ್ ಗುರುತಿಸಿದರು. ಟೈಪ್ 1 ಎಂಬ ಸ್ಟ್ರಿಂಗ್ ಸಿದ್ಧಾಂತದಲ್ಲಿ ಎರಡು ಒಟ್ಟಾದರೆ ಮಾಯವಾಗುವ, ಒಂಟಿಯಾಗಿ ಮಾತ್ರ ಸ್ಥಿರವಾಗಿರುವ ಕಣವೊಂದನ್ನು ಸೇನ್ ಕಂಡಿದ್ದರು. ವಾಸ್ತವ ಬಂಡಲ್‌ಗಳ ಪಟ್ಟಿಯಲ್ಲಿನ 'ಎರಡು ಸೇರಿದರೆ ಸೊನ್ನೆ' ಎಂಬ ನಮೂದು ಅದಕ್ಕೆ ಸರಿಯಾಗಿ ಕೂತಿತು. ಸೇನ್ ಈಗ ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಬಳಿಯಿರುವ ಅಂತಾರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದಲ್ಲಿದ್ದಾರೆ. ಸ್ಟ್ರಿಂಗ್ ಸಿದ್ಧಾಂತಕ್ಕೆ ಪ್ರಯೋಗದ ಸಾಕ್ಷಿ ಇನ್ನೂ ಸಿಕ್ಕಿಲ್ಲವಾದ್ದರಿಂದ, ಇದನ್ನು ಅಡ್ಡರೋಧದ ಮೆಟ್ಟಿಲುಗಳ ಸಾಲಿನಲ್ಲಿ ನಿಲ್ಲಿಸುವಂತಿಲ್ಲ.

ವಸ್ತುಗಳ ಲೋಕದಲ್ಲಿಯೂ ಕೆ-ಥಿಯರಿಗೆ ಮೇರೆಯಿದೆ. ಕಿತಾಯೆವ್ ಅವರ ಕೋಷ್ಟಕ ಎಲೆಕ್ಟ್ರಾನುಗಳು ಪರಸ್ಪರ ತಳ್ಳುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2010ರಲ್ಲಿ ಲ್ಯೂಕಾಶ್ ಫಿಡ್ಕೋವ್ಸ್ಕಿ ಜತೆಗೂಡಿ ಕಿತಾಯೆವ್ ಅವರೇ ಅದರ ಪರಿಣಾಮವನ್ನು ತೋರಿಸಿದರು. ಒಂದು ಆಯಾಮದ ಒಂದು ವರ್ಗದಲ್ಲಿ ಕೋಷ್ಟಕ ಪೂರ್ಣಾಂಕಗಳಷ್ಟು ಬಗೆಗಳನ್ನು ಹೇಳುತ್ತಿತ್ತು. ಕಣಗಳ ನಡುವಿನ ಬಲಗಳನ್ನು ಒಳಗೆ ತಂದಾಗ ಉಳಿದದ್ದು ಎಂಟು. ಎಂಟನೆಯದು ಸೊನ್ನೆಯ ಜತೆ ಸದ್ದಿಲ್ಲದೆ ಬೆರೆತುಹೋಗುತ್ತದೆ. 1982ರಲ್ಲಿ ಕಂಡ, ಅಡ್ಡರೋಧದ ಮೆಟ್ಟಿಲುಗಳು ಪೂರ್ಣಾಂಕದ ಬದಲು ಭಿನ್ನರಾಶಿಗಳಲ್ಲಿ ಬರುವ ಹಾಲ್ ಪರಿಣಾಮ ಕೂಡ ಎಲೆಕ್ಟ್ರಾನುಗಳ ಪರಸ್ಪರ ಬಲದಿಂದಲೇ ಹುಟ್ಟುವಂಥದ್ದು, ಆದ್ದರಿಂದ ಈ ಕೋಷ್ಟಕದ ಹೊರಗಿದೆ. ಬಲಗಳಿರುವ ವಸ್ತುಗಳ ವರ್ಗೀಕರಣಕ್ಕೆ ಈಗ ಗಣಿತಜ್ಞರು ಕೈಹಾಕಿರುವುದು ಕೋಬಾರ್ಡಿಸಂ ಎಂಬ ಬೇರೊಂದು ಸಿದ್ಧಾಂತಕ್ಕೆ. ಡೇನಿಯಲ್ ಫ್ರೀಡ್ ಮತ್ತು ಮೈಕೆಲ್ ಹಾಪ್ಕಿನ್ಸ್ 2016ರಿಂದ ಇದರಲ್ಲಿ ಮುಂದೆ ಸಾಗಿದ್ದಾರೆ. ಅಲ್ಲಿಯೂ ಬಲಗಳನ್ನು ಸೊನ್ನೆ ಮಾಡಿದಾಗ ಏನಾಗಬೇಕು ಎಂಬುದನ್ನು ಕೆ-ಥಿಯರಿಯ ಹಳೆಯ ಕೋಷ್ಟಕದೊಂದಿಗೆ ತಾಳೆ ನೋಡುತ್ತಾರೆ.